ಆರೋಗ್ಯ ಅಂಕಣ: ಕೂಸಿನ ನೆತ್ತಿ, ಅಜ್ಜಿಯ ಅಂಗೈ



ಕಳೆದ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಬರೆದು, ಈ ಸಲ ಹಲ್ಲುನೋವಿನ ವಿಚಾರ ಎಂದು ಮಾತು ಕೊಟ್ಟಿದ್ದೆವು. ಹಲ್ಲುನೋವು ಮೂರು ತಿಂಗಳು ಕಾಯಲಿ. ದೀಪಾವಳಿ ಊಟದ ದಿನ, ಪಾತ್ರೆ ತೊಳೆಯುವ ಜಾಗದಲ್ಲಿ, ನಮ್ಮ ಸದಸ್ಯ ಕುಟುಂಬವೊಂದರ ತಾಯಿ ತಮ್ಮ ಮಗುವಿನ ಕಥೆ ಹೇಳಿದರು. "ಇದನ್ನ ಬರೀರಿ, ನಮ್ಮ ಹೆಸರು ಮಾತ್ರ ಬೇಡ" ಎಂದರು. ಆದ್ದರಿಂದ ಹೆಸರಿಲ್ಲ, ಊರೂ ಇಲ್ಲ.

ಬಾಣಂತನಕ್ಕೆಂದು ಅಜ್ಜಿ ಹಾಸನದ ಕಡೆಯಿಂದ ಬಂದಿದ್ದರು. ದಿನವೂ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರೆರೆಯುವುದು ಅವರ ಕೆಲಸ. ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಕೈ ತಡೆದು, "ನೆತ್ತಿ ಯಾಕೋ ಬಿಗಿದುಕೊಂಡಿದೆ ಕಣೆ" ಎಂದರು. ತಾವೇ ಹೊಲಿದಿದ್ದ ಕುಲಾವಿ ಮೂರು ವಾರದಲ್ಲಿ ಹಿಡಿಸದಂತಾಗಿತ್ತು. ಅಳಿಯಂದಿರು ನಕ್ಕು, "ಬಿಡಿ ಅತ್ತೆ, ನಮ್ಮ ಮನೆಯವರ ತಲೆಗಳೇ ದೊಡ್ಡವು" ಎಂದರಂತೆ. ಫೋನಿನಲ್ಲಿ ವಿಚಾರಿಸಿದರೆ, ಮುಂದಿನ ತಪಾಸಣೆಗೆ ಹೇಗೂ ಬರುತ್ತೀರಲ್ಲ ಎಂಬ ಉತ್ತರ ಬಂತು. ಎರಡು ವಾರ ಹಾಗೆಯೇ ಕಳೆಯಿತು. ಕೂಸು ಹಾಲು ಕಕ್ಕತೊಡಗಿತು, ಕಣ್ಣು ಕೆಳಕ್ಕೆ ಜಾರಿದಂತೆ ಕಾಣತೊಡಗಿತು. ಅಜ್ಜಿ ಹಟ ಹಿಡಿದು ಕಾರಿನಲ್ಲಿ ಕೂತರು. ಅಂದು ಸಂಜೆಗೆ ವಿಷಯ ತಿಳಿಯಿತು: ಮಿದುಳಿನಲ್ಲಿ ಗೆಡ್ಡೆ.

ಹುಟ್ಟುವಾಗಲೇ ಮಿದುಳಿನಲ್ಲಿ ಗೆಡ್ಡೆ ಇರುವುದುಂಟೆ? ಉಂಟು. ಬಹಳ ಅಪರೂಪ, ಆದರೆ ಉಂಟು. ಕೆಲವು ಗರ್ಭದ ಕೊನೆಯ ತಿಂಗಳುಗಳಲ್ಲಿ ಅಲ್ಟ್ರಾಸೌಂಡಿನಲ್ಲೇ ಕಾಣಿಸುತ್ತವೆ, ಕೆಲವು ಹುಟ್ಟಿದ ಮೇಲೆ ತಲೆ ಎತ್ತುತ್ತವೆ. ಇದರ ಬಗ್ಗೆ ದೊಡ್ಡ ಲೆಕ್ಕ ಹಾಕಿದವರಲ್ಲಿ ಒಬ್ಬರು ನಮ್ಮ ಈ ಎರಡು ಊರುಗಳವರೇ ಎಂಬುದು ನಮಗೂ ಈಚೆಗೆ ತಿಳಿದದ್ದು. ಡಾ. ಹಾರ್ಟ್ ಐಸಾಕ್ಸ್ ಎಂಬ ರೋಗಪರೀಕ್ಷಾ ತಜ್ಞರು ಲಾಸ್ ಏಂಜಲಿಸ್ ಮಕ್ಕಳ ಆಸ್ಪತ್ರೆಯ 28 ವರ್ಷಗಳ ಅನುಭವವನ್ನು, ಹಸುಗೂಸುಗಳ ಎಲ್ಲ ಬಗೆಯ ಕೆಟ್ಟ ಗೆಡ್ಡೆಗಳನ್ನೂ ಸೇರಿಸಿ, 1987ರಲ್ಲಿ ಪ್ರಕಟಿಸಿದರು. ಬಳಿಕ ಸಾನ್ ಡಿಯಾಗೋದಲ್ಲಿದ್ದಾಗ, ಎರಡೂ ಊರಿನ ಮಕ್ಕಳ ಆಸ್ಪತ್ರೆಗಳ ಶಿಶುಗಳನ್ನೂ ವೈದ್ಯಗ್ರಂಥಗಳಲ್ಲಿ ದಾಖಲಾಗಿದ್ದವರನ್ನೂ ಕೂಡಿಸಿ, 250 ಭ್ರೂಣ ಮತ್ತು ನವಜಾತ ಶಿಶುಗಳ ಮಿದುಳು ಗೆಡ್ಡೆಗಳ ವಿವರವನ್ನು 2002ರಲ್ಲಿ ಹೊರತಂದರು. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಮೊದಲ ಲಕ್ಷಣ ಯಾವುದು? ತಲೆ ದೊಡ್ಡದಾಗುವುದು. ಅಜ್ಜಿಯ ಅಂಗೈ ಕಂಡುಕೊಂಡದ್ದೂ ಅದನ್ನೇ.

ಇದಕ್ಕೆ ಕಾರಣ ಸರಳ. ದೊಡ್ಡವರ ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ಒಳಗೆ ಏನಾದರೂ ಬೆಳೆದರೆ ಕೂಡಲೇ ತಲೆನೋವು, ವಾಂತಿ. ಕೂಸಿನ ಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ. ಒಳಗೆ ಒತ್ತಡ ಹೆಚ್ಚಿದರೆ ತಲೆಯೇ ಹಿಗ್ಗಿ ಜಾಗ ಕೊಡುತ್ತದೆ. ಆದ್ದರಿಂದ ಗೆಡ್ಡೆ ಸಾಕಷ್ಟು ಬೆಳೆಯುವವರೆಗೆ ಕೂಸು ನಗುತ್ತಲೇ ಇರಬಹುದು. ಇದೇ ಮೋಸ. ಆದರೆ ಅದೇ ತೆರೆದ ನೆತ್ತಿ ವೈದ್ಯರಿಗೆ ಕಿಟಕಿಯೂ ಹೌದು: ಅಲ್ಲಿ ಅಲ್ಟ್ರಾಸೌಂಡ್ ಕಡ್ಡಿ ಇಟ್ಟರೆ, ಅರಿವಳಿಕೆ ಇಲ್ಲದೆ, ಸೂಜಿ ಇಲ್ಲದೆ ಒಳಗಿನದು ತಕ್ಕಮಟ್ಟಿಗೆ ಕಾಣುತ್ತದೆ. ಎಂ.ಆರ್.ಐ. ಆಮೇಲೆ.

ಹಾಗೆಂದು ತಲೆ ದೊಡ್ಡದಿರುವ ಕೂಸುಗಳನ್ನೆಲ್ಲ ಎತ್ತಿಕೊಂಡು ಓಡಬೇಕಾಗಿಲ್ಲ. ಹೆಚ್ಚಿನವಕ್ಕೆ ಅದು ಅಪ್ಪನಿಂದ ಬಂದ ಆಸ್ತಿ ಅಷ್ಟೆ. ವೈದ್ಯರು ಅಪ್ಪನ ತಲೆಗೂ ಟೇಪು ಸುತ್ತಿ ನೋಡುವುದುಂಟು. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರು. ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂಟಿಮೀಟರಿನಂತೆ, ಮುಂದಿನ ಮೂರು ತಿಂಗಳು 1ರಂತೆ, ಆಮೇಲೆ ಅರ್ಧದಂತೆ ಬೆಳೆಯುತ್ತದೆ. ಒಂದು ದಿನದ ಅಳತೆಗೆ ಹೆಚ್ಚು ಅರ್ಥವಿಲ್ಲ. ತಪಾಸಣೆಗೆ ಹೋದಾಗಲೆಲ್ಲ ನರ್ಸು ಗುರುತು ಹಾಕುವ ಆ ಬಾಗುಗೆರೆಯ ಪಟವಿದೆಯಲ್ಲ, ಅದರಲ್ಲಿ ಕೂಸಿನ ಚುಕ್ಕಿಗಳು ತಮ್ಮ ಗೆರೆಯನ್ನು ಬಿಟ್ಟು ಮೇಲಿನ ಗೆರೆಗಳನ್ನು ದಾಟುತ್ತ ಹೋದರೆ ಕೇಳಬೇಕು. ನಾವು ತೂಕದ ಪಟ ಮಾತ್ರ ನೋಡಿ, "ಡಾಕ್ಟ್ರೇ, ಇನ್ನೂ ಸಣ್ಣಗಿದ್ದಾನಲ್ಲ" ಎಂದು ಕೊರಗುವ ಜನ. ತಲೆಯ ಪಟವನ್ನೂ ಕೇಳಿ ನೋಡಿ.

ನೆತ್ತಿಯನ್ನು ಮುಟ್ಟಿ ನೋಡುವುದಾದರೆ ಕೂಸು ಅಳದೆ, ನೆಟ್ಟಗೆ ಎತ್ತಿಕೊಂಡಿರುವಾಗ ನೋಡಿ. ಅತ್ತಾಗ ಯಾವ ಕೂಸಿನ ನೆತ್ತಿಯೂ ಉಬ್ಬುತ್ತದೆ. ನಾಡಿಯಂತೆ ಮಿಡಿಯುವುದೂ ಸಹಜ. ಸುಮ್ಮನಿರುವಾಗಲೂ ಉಬ್ಬಿ ಬಿಗಿದಿದ್ದರೆ, ಅದರ ಜೊತೆ ವಾಂತಿ, ಸದಾ ಮಂಪರು, ಸಮಾಧಾನವಾಗದ ಅಳು, ಕಪ್ಪು ಗುಡ್ಡೆ ಕೆಳಗಿಳಿದು ಮೇಲೆ ಬಿಳಿ ಕಾಣುವ ಕಣ್ಣು ಇದ್ದರೆ, ಅಂದೇ ತೋರಿಸಬೇಕು. ಆ ಕಣ್ಣಿಗೆ ವೈದ್ಯರು "ಸೂರ್ಯಾಸ್ತದ ಕಣ್ಣು" ಎನ್ನುತ್ತಾರೆ. ಲಾಸ್ ಏಂಜಲಿಸ್ ಮಕ್ಕಳ ಆಸ್ಪತ್ರೆ ಇರುವುದೂ ಸನ್‌ಸೆಟ್ ಬೂಲೆವಾರ್ಡಿನಲ್ಲೇ; ಆ ರಸ್ತೆಯ ಹೆಸರು ಈಗ ನಮಗೆ ಮೊದಲಿನಂತೆ ಕೇಳಿಸುವುದಿಲ್ಲ.

ನಮ್ಮ ಈ ಕೂಸಿಗೆ ಇದ್ದದ್ದು ಕೋರಾಯ್ಡ್ ಪ್ಲೆಕ್ಸಸ್ ಪ್ಯಾಪಿಲೋಮ. ಮಿದುಳಿನೊಳಗೆ ನೀರು ಒಸರಿಸುವ ಅಂಗಾಂಶದಲ್ಲೇ ಹುಟ್ಟುವ ಗೆಡ್ಡೆ. ನೀರು ಹೆಚ್ಚಾಗಿ ತಲೆ ಹಿಗ್ಗುತ್ತದೆ. ಪೂರ್ತಿ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಆದರೆ ತೆಗೆಯುವುದು ಹುಡುಗಾಟವಲ್ಲ. ಕೂಸಿನ ಮೈಯಲ್ಲಿ ಕಿಲೋಗೆ ಸುಮಾರು 80 ಮಿಲಿಲೀಟರ್ ರಕ್ತ. ನಾಲ್ಕೂವರೆ ಕಿಲೋ ಕೂಸಿನ ಇಡೀ ದೇಹದ ರಕ್ತ ಒಂದು ಕೋಕಾಕೋಲಾ ಡಬ್ಬಿಯಷ್ಟು. ಗೆಡ್ಡೆಯೋ ರಕ್ತನಾಳಗಳ ಗೊಂಚಲು. ಶಸ್ತ್ರಚಿಕಿತ್ಸೆ ನಡೆದ ಅಷ್ಟು ಗಂಟೆ ಅಜ್ಜಿ ಕಾಯುವ ಕೋಣೆಯಲ್ಲಿ ಆ ಚಿಕ್ಕದಾದ ಕುಲಾವಿಯನ್ನು ಹಿಡಿದು ಕೂತಿದ್ದರಂತೆ. ಆ ಹುಡುಗಿಯೇ ಮೊನ್ನೆ ನಮ್ಮ ಸಭೆಯಲ್ಲಿ ಕೋಲಾಟ ಆಡಿ, ಪಕ್ಕದವಳ ಕೋಲು ಮುರಿದವಳು.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಐಸಾಕ್ಸರ ಲೆಕ್ಕದಲ್ಲಿ ಉಳಿದ ಶಿಶುಗಳು ಮೂರರಲ್ಲೊಂದಕ್ಕೂ ಕಡಿಮೆ. ಪ್ಯಾಪಿಲೋಮದವರು ಚೆನ್ನಾಗಿ ಉಳಿದರು. ಅತಿ ಹೆಚ್ಚಾಗಿ ಕಂಡ ಟೆರಟೋಮದವರು ಬಹಳ ಕಡಿಮೆ. ಕೆಲವು ಗೆಡ್ಡೆಗಳಿಗೆ ವಿಕಿರಣ ಚಿಕಿತ್ಸೆ ಬೇಕು, ಆದರೆ ಮೂರು ವರ್ಷದೊಳಗಿನ ಮಿದುಳಿಗೆ ಅದು ಕೊಟ್ಟರೆ ಬುದ್ಧಿಯೂ ಬೆಳವಣಿಗೆಯೂ ಕುಂಠಿತವಾಗುತ್ತವೆ. ಅದನ್ನು ಮುಂದೂಡಲು 1986ರಿಂದ 1990ರವರೆಗೆ ಈ ದೇಶದಲ್ಲಿ ಔಷಧಗಳ ದೊಡ್ಡ ಪ್ರಯೋಗ ನಡೆಯಿತು. 1991ರಲ್ಲಿ ಡಾ. ಜೊನಾಥನ್ ಫಿನ್ಲೆಯವರ "ಹೆಡ್ ಸ್ಟಾರ್ಟ್" ಆರಂಭವಾಯಿತು: ಕೂಸಿನದೇ ಮೂಲಕೋಶಗಳನ್ನು ತೆಗೆದಿಟ್ಟು, ಬಲವಾದ ಔಷಧ ಕೊಟ್ಟು, ಮತ್ತೆ ಕೋಶಗಳನ್ನು ಹಿಂದಕ್ಕೆ ಹಾಕುವುದು. ಫಿನ್ಲೆಯವರು ಮುಂದೆ ಕೆಲವು ವರ್ಷ ಲಾಸ್ ಏಂಜಲಿಸ್ ಮಕ್ಕಳ ಆಸ್ಪತ್ರೆಯಲ್ಲೇ ಇದ್ದರು. ಈಗ ಗೆಡ್ಡೆಯ ವಂಶವಾಹಿಯನ್ನೇ ಓದುತ್ತಾರೆ. ಒಂದು ಬಗೆಯ ಬದಲಾವಣೆಯಿದ್ದರೆ 2018ರಲ್ಲಿ ಒಪ್ಪಿಗೆ ಪಡೆದ ಲಾರೊಟ್ರೆಕ್ಟಿನಿಬ್ ಎಂಬ ಔಷಧವಿದೆ. ಬಾಯಿಗೆ ಹನಿಸಬಹುದಾದ ದ್ರವರೂಪದಲ್ಲೂ ಸಿಗುತ್ತದೆ.

ಇನ್ನೊಂದು ಕುಟುಂಬದ ವಿಷಯ ಬರೆಯಲು ಕೈ ಹಿಂಜರಿಯುತ್ತದೆ. ಅವರ ಕೂಸು ಉಳಿಯಲಿಲ್ಲ. ಮೊದಲ ತಿಂಗಳು ನಾವೆಲ್ಲ ಸರದಿಯಲ್ಲಿ ಸಾರು, ಪಲ್ಯ ಒಯ್ದೆವು. ಆಮೇಲೆ ಏನು ಮಾತಾಡಬೇಕೆಂದು ತಿಳಿಯದೆ ಒಬ್ಬೊಬ್ಬರೇ ನಿಲ್ಲಿಸಿದೆವು. ನಾವೂ ನಿಲ್ಲಿಸಿದೆವು. ಅಷ್ಟರಲ್ಲಿ ಊರಿನಿಂದ ಫೋನುಗಳು: ಗ್ರಹಣದ ದಿನ ಹೊರಗೆ ಹೋಗಿದ್ದಳೆ, ಪರಂಗಿಹಣ್ಣು ತಿಂದಿದ್ದಳೆ, ಯಾರ ಕಡೆಯ ರಕ್ತ. ಆ ತಾಯಿ ಒಂದು ವರ್ಷ ನಮ್ಮ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಆಮೇಲೆ ಬೇರೆ ರಾಜ್ಯಕ್ಕೆ ಹೋದರು.

ಆ ಪ್ರಶ್ನೆಗಳಿಗೆ ಉತ್ತರ ಬರೆದುಬಿಡುತ್ತೇವೆ. ಬಸುರಿಯಲ್ಲಿ ತಾಯಿ ತಿಂದದ್ದಕ್ಕೂ ನಡೆದದ್ದಕ್ಕೂ ಈ ಗೆಡ್ಡೆಗೂ ಸಂಬಂಧವಿಲ್ಲ. ಬಹುಪಾಲು ಗೆಡ್ಡೆಗಳು ವಂಶದಿಂದ ಬಂದವಲ್ಲ. ಕೋರಾಯ್ಡ್ ಪ್ಲೆಕ್ಸಸ್ ಕಾರ್ಸಿನೋಮದಂಥ ಕೆಲವು ಕೆಟ್ಟ ಗೆಡ್ಡೆಗಳಲ್ಲಿ ಮಾತ್ರ ವಂಶವಾಹಿಯ ದೋಷ ಮನೆತನದಲ್ಲಿರಬಹುದು, ಅದಕ್ಕೆ ರಕ್ತಪರೀಕ್ಷೆಯಿದೆ. ಮಾಡಿಸುವುದು ಮುಂದಿನ ಮಗುವಿನ ಹಿತಕ್ಕೇ ಹೊರತು ಅತ್ತಿಗೆ ನಾದಿನಿಯರ ಮದುವೆ ಕೆಡಿಸುವುದಕ್ಕಲ್ಲ.

ಖರ್ಚಿನ ವಿಷಯ: ಕ್ಯಾಲಿಫೋರ್ನಿಯಾ ಚಿಲ್ಡ್ರನ್ಸ್ ಸರ್ವಿಸಸ್ ಎಂಬ ರಾಜ್ಯದ ಯೋಜನೆ 21 ವರ್ಷದೊಳಗಿನವರ ಇಂಥ ಕಾಯಿಲೆಗಳಿಗಿದೆ. ಆದಾಯ ಹೆಚ್ಚಾಯಿತೆಂದು ನೀವೇ ತೀರ್ಮಾನಿಸಬೇಡಿ. ಕೈಯಿಂದ ಬೀಳುವ ಖರ್ಚು ಆದಾಯದ ಐದರಲ್ಲೊಂದು ಪಾಲನ್ನು ಮೀರುವಂತಿದ್ದರೂ ಅರ್ಜಿ ಹಾಕಬಹುದು. ದೂರದಿಂದ ಬಂದವರು ತಂಗಲು ಎರಡೂ ಊರುಗಳಲ್ಲಿ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಇದೆ. ಅಲ್ಲಿ ಅಡುಗೆಮನೆಯೂ ಇದೆ, ಅಂದರೆ ತಿಳಿಸಾರಿಗೆ ತೊಂದರೆಯಿಲ್ಲ.

ಬೇರೆ ರಾಜ್ಯಕ್ಕೆ ಹೋದ ಆ ತಾಯಿಗೆ ಮೊನ್ನೆ ಫೋನು ಮಾಡಿದೆವು. ತಡವಾಗಿತ್ತು, ಆದರೂ ಮಾತಾಡಿದರು. ಕೂಸಿನ ಹೆಸರನ್ನು ನಾವು ಮರೆತಿಲ್ಲವೆಂದು ತಿಳಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅದರ ವಿಷಯ ಮುಕ್ಕಾಲು ಗಂಟೆ ಹೇಳಿದರು.

ಹಲ್ಲುನೋವು ಮುಂದಿನ ಸಂಚಿಕೆಗೆ.