ಗೆದ್ದ ಜೋಡಿಗೆ ಬೇರೆ ಕಣ ಬೇಕು: ಆಕ್ಷೇಪಗಳಿಗೆ ಉತ್ತರ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ತೆರಬಂಡಿಯನ್ನಾಗಲಿ, ಗಾಡಿ ಶರ್ಯತ್ತನ್ನಾಗಲಿ ಬಂದ ಜೋಡಿಗಳಿಗೆಲ್ಲ ಒಂದೇ ಕಣದಲ್ಲಿ ನಡೆಸಬಾರದು ಎಂಬುದು ನನ್ನ ವಾದ. ಹಲ್ಲು ನೋಡಿ ವರ್ಗ ಮಾಡಬೇಕು. ಹೊಲದಲ್ಲಿ ದುಡಿಯುವ ಎತ್ತುಗಳಿಗೆ ಒಂದು ಬಹುಮಾನ, ಶರ್ಯತ್ತಿಗೆಂದೇ ಸಾಕಿದ ಎತ್ತುಗಳಿಗೆ ಇನ್ನೊಂದು ಬಹುಮಾನ ಇಡಬೇಕು. ಎತ್ತಿನ ಜೊತೆ ಕುದುರೆ ಹೂಡುವ ಗಾಡಿಯನ್ನು ನಿಲ್ಲಿಸಬೇಕು. ಕಟ್ಟೆಯ ಮೇಲೆ, ದನದ ಸಂತೆಯಲ್ಲಿ, ಜಾತ್ರಾ ಕಮಿಟಿಯವರ ನಡುವೆ ಈ ಮಾತು ಎತ್ತಿದಾಗಲೆಲ್ಲ ವಿರೋಧ ಕೇಳಿದ್ದೇನೆ. ವಿರೋಧಿಸುವವರು ಬಹುಪಾಲು ಎತ್ತುಗಳನ್ನು ಪ್ರೀತಿಸುವವರೇ ಆದ್ದರಿಂದ ಅವರ ಒಂದೊಂದು ಮಾತಿಗೂ ಉತ್ತರ ಕೊಡುವುದು ನನ್ನ ಕರ್ತವ್ಯ.

ತೆರಬಂಡಿ ನೋಡದವರಿಗೆ ಎರಡು ಮಾತು. ಗಾಲಿ ಉರುಳದಂತೆ ಬಿಗಿದ ಭಾರದ ಬಂಡಿಯನ್ನು ಒಂದು ಜೋಡಿ ಎತ್ತು ಗೊತ್ತುಪಡಿಸಿದ ವೇಳೆಯೊಳಗೆ ಎಷ್ಟು ದೂರ ಎಳೆಯುತ್ತದೆ ಎಂದು ಅಳೆಯುತ್ತಾರೆ. ಎಲ್ಲಕ್ಕಿಂತ ದೂರ ಎಳೆದ ಜೋಡಿಗೆ ಮೊದಲ ಬಹುಮಾನ. ಭಾರ ಎಲ್ಲರಿಗೂ ಒಂದೇ, ವೇಳೆಯೂ ಒಂದೇ. ಮೇಲ್ನೋಟಕ್ಕೆ ಇದಕ್ಕಿಂತ ಸಮವಾದ ಆಟ ಇಲ್ಲ ಅನಿಸುತ್ತದೆ. ವಿರೋಧಿಗಳ ಮೊದಲ ಮಾತು ಹುಟ್ಟುವುದೂ ಇಲ್ಲೇ.

“ಶರ್ಯತ್ತ ಅಂದ್ರ ತಾಕತ್ತಿನ ಆಟ. ಯಾವ ಜೋಡಿಗೆ ತಾಕತ್ತ ಐತಿ, ಅದು ಗೆಲ್ಲತೈತಿ. ಇದರಾಗ ವರ್ಗ ಯಾಕ್ರಿ?”

ತಾಕತ್ತಿನ ಆಟಕ್ಕೆ ಕುಸ್ತಿಗಿಂತ ದೊಡ್ಡ ಸಾಕ್ಷಿ ನಮ್ಮ ಸೀಮೆಯಲ್ಲಿ ಯಾವುದಿದೆ? ಜಾತ್ರೆಯ ಕುಸ್ತಿ ಕಣದಲ್ಲಿ ವಸ್ತಾದರು ಏನು ಮಾಡುತ್ತಾರೆ ನೋಡಿ. ಹುಡುಗರ ಮೈಕಟ್ಟು, ವಯಸ್ಸು, ಗರಡಿಯಲ್ಲಿ ಕಳೆದ ವರ್ಷ ಎಲ್ಲ ನೋಡಿ ಜೋಡಿ ಹಚ್ಚುತ್ತಾರೆ. ಮೀಸೆ ಮೂಡದ ಹುಡುಗನನ್ನು ಹೆಸರಾದ ಪೈಲ್ವಾನನ ಎದುರು ಬಿಟ್ಟರೆ ಕೂತ ಮಂದಿಯೇ ಎದ್ದು ನಿಂತು ಬೇಡ ಅನ್ನುತ್ತಾರೆ. ಒಲಿಂಪಿಕ್ಸ್‌ನಲ್ಲಿ ಗಂಡಸರ ಫ್ರೀಸ್ಟೈಲ್ ಕುಸ್ತಿಗೆ 57 ಕಿಲೋದಿಂದ 125 ಕಿಲೋವರೆಗೆ ಆರು ತೂಕಗಳಿವೆ. ಅದರಿಂದ 57 ಕಿಲೋದವನ ಚಿನ್ನ ಹಿತ್ತಾಳೆ ಆಗಲಿಲ್ಲ. ತಾಕತ್ತು ತಿಳಿಯಬೇಕಾದರೆ ಹೋಲಿಸಬಹುದಾದ ಎರಡನ್ನು ಎದುರು ನಿಲ್ಲಿಸಬೇಕು. ಇಲ್ಲದಿದ್ದರೆ ತಿಳಿಯುವುದು ಯಾವುದು ದೊಡ್ಡದು ಎಂಬುದಷ್ಟೇ, ಅದನ್ನು ತಿಳಿಯಲು ಬಂಡಿ ಎಳೆಸಬೇಕಾಗಿಲ್ಲ.

ಕರಾವಳಿಯ ಕಂಬಳದವರು ಈ ಗಂಟನ್ನು ಎಂದೋ ಬಿಡಿಸಿಕೊಂಡಿದ್ದಾರೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ: ಒಟ್ಟು ಆರು ವಿಭಾಗ. ಕೋಣದ ವಯಸ್ಸಿಗೊಂದು ಕಣ, ಓಡಿಸುವ ಬಗೆಗೊಂದು ಕಣ. 2020ರಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿಸಿದ ಸುದ್ದಿ ದೇಶವೆಲ್ಲ ಹರಡಿತಲ್ಲ, ಅದು ನಡೆದದ್ದು ಹೀಗೆ ವರ್ಗ ಮಾಡಿದ ಆಟದಲ್ಲಿಯೇ. ವರ್ಗಗಳಿದ್ದುದರಿಂದ ಕಂಬಳದ ಕಳೆ ಕುಂದಲಿಲ್ಲ.

ನಮ್ಮಲ್ಲಿ ವಯಸ್ಸಿನ ಜೊತೆ ತಳಿಯ ಅಂತರವೂ ಇದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಜಿಗುಟು ಎರೆಮಣ್ಣಿಗೆಂದೇ ಬೆಳೆದ ತಳಿ ಕೃಷ್ಣಾ ಕಣಿವೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಂಗ್ಲಿ ಸಂಸ್ಥಾನದವರ ಆಸ್ಥೆಯಿಂದ ಗೀರ್, ಓಂಗೋಲ್, ಕಾಂಕ್ರೇಜ್ ಹಾಗೂ ಊರ ದನಗಳ ರಕ್ತ ಕೂಡಿ ಆದದ್ದು. ಭಾರದ ಮೈ, ಗಟ್ಟಿ ಹೆಗಲು, ನಿಧಾನದ ಹೆಜ್ಜೆ. ಕಿಲಾರಿ ಇದಕ್ಕೆ ತದ್ವಿರುದ್ಧ: ಬಿಗಿದ ಮೈ, ಚೂಪು ಕೋಡು, ಬಿಟ್ಟರೆ ಬಾಣ. ಎರಡನ್ನೂ ಒಂದೇ ಭಾರಕ್ಕೆ ಹೂಡಿದರೆ ಫಲಿತಾಂಶ ಅರ್ಧ ಅಲ್ಲಿಯೇ ನಿರ್ಧಾರವಾಗಿರುತ್ತದೆ. ಕೃಷ್ಣಾ ಕಣಿವೆಯ ಎತ್ತು ಇಂದು ಹುಡುಕಿದರೂ ಸಿಗದಷ್ಟು ಕಡಿಮೆಯಾಗಿದೆ, ಅದು ಬೇರೆಯೇ ದುಃಖ. ಆ ತಳಿ ಕಟ್ಟುವವನಿಗೆ ಒಂದು ಕಣ ಇಟ್ಟರೆ ಅದು ಉಳಿಯಲು ಒಂದು ಕಾರಣವಾದರೂ ಆದೀತು.

ಎರಡನೆಯ ಮಾತು ಎಲ್ಲಕ್ಕಿಂತ ಹೆಚ್ಚು ಕೇಳುವಂಥದ್ದು: “ನೀವೂ ಅಂಥಾ ಎತ್ತ ಕಟ್ಟರಿ. ಯಾರ ಬ್ಯಾಡ ಅಂದಾರ?”

ಇದು ಸಮಾನ ಅವಕಾಶದ ಮಾತಿನಂತೆ ಕೇಳಿಸುತ್ತದೆ. ಲೆಕ್ಕ ಬಿಡಿಸಿದರೆ ಬೇರೆ ಚಿತ್ರ ಕಾಣುತ್ತದೆ. ಹೆಸರಾದ ಶರ್ಯತ್ತಿನ ಎತ್ತಿನ ಬೆಲೆ ಲಕ್ಷಗಳಲ್ಲಿ ಓಡುತ್ತದೆ. ಅದಕ್ಕೆ ಹಾಲು, ಮೊಟ್ಟೆ, ಗೋಧಿ ಹಿಟ್ಟು, ಹಿಂಡಿ. ನೋಡಿಕೊಳ್ಳಲು ಒಬ್ಬ ಆಳು. ಜಾತ್ರೆಯಿಂದ ಜಾತ್ರೆಗೆ ಸಾಗಿಸಲು ವಾಹನ. ಹೊಲದ ಕೆಲಸವಂತೂ ಇಲ್ಲ. ಈ ಕಡೆ ಎರಡು ಎಕರೆಯ ರೈತನ ಎತ್ತು ಹಂಗಾಮು ಶುರುವಾದರೆ ಕಬ್ಬಿನ ಗಾಡಿಗೆ ಹೆಗಲು ಕೊಟ್ಟು ಕಾರ್ಖಾನೆಯ ಅಂಗಳದಲ್ಲಿ ರಾತ್ರಿ ಸರದಿ ಕಾಯುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಂಥ ಕಡೆ ಕಬ್ಬು ಹೊತ್ತು ಬರುವ ಎತ್ತುಗಳ ಹೆಗಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಎತ್ತು ಅದೇ ತಿಂಗಳಲ್ಲಿ ಜಾತ್ರೆಯ ಕಣಕ್ಕೆ ಬರಬೇಕು, ವರ್ಷವಿಡೀ ಇದೊಂದಕ್ಕೇ ತಯಾರಾದ ಎತ್ತಿನ ಎದುರು. “ಅಂಥಾ ಎತ್ತ ಕಟ್ಟರಿ” ಎಂದರೆ “ಅಷ್ಟು ರೊಕ್ಕ ತರ್ರಿ” ಎಂದೇ ಅರ್ಥ. ಆಗ ಕಣದಲ್ಲಿ ಸ್ಪರ್ಧೆಗೆ ಇಳಿದದ್ದು ಥೈಲಿಯೇ ಹೊರತು ಎತ್ತಲ್ಲ.

ಇನ್ನು ಸಾಕಿದವರ ನೋವಿನ ಮಾತು: “ಮಕ್ಕಳಂಗ ಸಾಕೀವಿ. ಗೆದ್ದದ್ದೇ ತಪ್ಪಾತೇನ್ರಿ?” ಈ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಒಂದು ಜೋಡಿಯನ್ನು ಆ ಮಟ್ಟಕ್ಕೆ ತರಲು ಬೇಕಾದ ತಾಳ್ಮೆ ಸಣ್ಣದಲ್ಲ. ಆದರೆ ನಾನು ಅವರ ಎತ್ತಿಗೆ ಹೆಚ್ಚು ಭಾರ ಹೇರಿ ಎಂದಿಲ್ಲ, ವೇಳೆ ಕಡಿತ ಮಾಡಿ ಎಂದಿಲ್ಲ, ಕಣದಿಂದ ಹೊರಗಿಡಿ ಎಂದೂ ಇಲ್ಲ. ಹಿಂದಿನ ಹಂಗಾಮಿನಲ್ಲಿ ಮೊದಲ ಬಹುಮಾನ ಪಡೆದ ಜೋಡಿಗಳು ಮೇಲಿನ ವರ್ಗದಲ್ಲಿ ತಮ್ಮ ಸಮಾನರ ಜೊತೆ ಸೆಣಸಲಿ, ಅಲ್ಲಿ ಬಹುಮಾನವೂ ದೊಡ್ಡದಿರಲಿ ಎನ್ನುತ್ತೇನೆ. ಗೆದ್ದವನಿಗೆ ಅದು ಬಡ್ತಿ.

ಇಲ್ಲಿ ಹಳ್ಳಿಯ ಹುಡುಗರ ಫೋನಿನೊಳಗಿನ ಒಂದು ಆಟದ ಉದಾಹರಣೆ ಕೊಡಬೇಕು. ಹಿರಿಯರು ಬೇಸರಿಸದೆ ಕೇಳಲಿ, ಪ್ರಶ್ನೆ ಇದೇ. 2016ರ ಜುಲೈಯಲ್ಲಿ ಬಂದು, ಅದೇ ಡಿಸೆಂಬರಿನಲ್ಲಿ ಜಿಯೋ ಜೊತೆಗೂಡಿ ಭಾರತಕ್ಕೂ ಬಂದ ಪೋಕೆಮಾನ್ ಗೋ ಎಂಬ ಆಟದಲ್ಲಿ ಊರಿನ ನಿಜವಾದ ಜಾಗಗಳೇ ಅಖಾಡಗಳು. ಅಲ್ಲಿ ನಿಮ್ಮ ಪ್ರಾಣಿಯನ್ನು ಕಾವಲಿಗೆ ಬಿಡಬೇಕು, ಬೇರೆಯವರು ಬಂದು ಸೋಲಿಸಬೇಕು. ಕೆಲವೇ ತಿಂಗಳಲ್ಲಿ ಎಲ್ಲಿ ನೋಡಿದರೂ ಡ್ರಾಗೊನೈಟ್ ಎಂಬ ಪ್ರಾಣಿಯ ಸಾಲೇ ಸಾಲು. 2017ರ ಫೆಬ್ರವರಿಯಲ್ಲಿ ಬ್ಲಿಸಿ ಬಂತು. ಅದರ ಆಯುಷ್ಯದ ಅಂಕಿ ಎಷ್ಟೆಂದರೆ ಹೊಡೆದು ಹೊಡೆದು ಎದುರಾಳಿಯ ವೇಳೆಯೇ ಮುಗಿಯಬೇಕು. ಹೊಸಬರು ಅಖಾಡದ ಕಡೆ ಹೋಗಿಯೂ ಉಪಯೋಗವಿಲ್ಲದಂತಾಯಿತು. ಆಟ ನಡೆಸುವವರು 2017ರ ಜೂನ್‌ನಲ್ಲಿ ನಿಯಮವನ್ನೇ ಬದಲಿಸಿದರು: ಒಂದು ಅಖಾಡದಲ್ಲಿ ಆರೇ ಪ್ರಾಣಿ, ಒಂದು ಜಾತಿಯದು ಒಂದೇ. ಆಮೇಲೆ ಬಂದ ಲೀಗುಗಳಲ್ಲಿ 1500 ಅಂಕದೊಳಗಿನವು ಒಂದು ಕಡೆ, 2500ರೊಳಗಿನವು ಇನ್ನೊಂದು ಕಡೆ, ಮಿತಿಯಿಲ್ಲದವು ಮತ್ತೊಂದು ಕಡೆ. ಅತಿ ಬಲದ ಪ್ರಾಣಿ ಅಲ್ಲಿ ಈಗಲೂ ಇದೆ, ತನ್ನ ಲೀಗಿನಲ್ಲಿ ಆಡುತ್ತಿದೆ.

ಆ ಆಟಕ್ಕೂ ನಮ್ಮ ಕಣಕ್ಕೂ ಇರುವ ಒಂದು ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ. ಫೋನಿನ ಆಟದಲ್ಲಿ ಬಲ ಎಂಬುದು ಅಂಕಿ, ಕಂಪನಿಯವರು ಬೆಳಗಾಗುವುದರೊಳಗೆ ಇಳಿಸಬಲ್ಲರು. ಜೀವಂತ ಎತ್ತಿನ ಬಲವನ್ನು ಹಾಗೆ ಇಳಿಸಲಾಗದು, ಇಳಿಸಲೂಬಾರದು. ಆದ್ದರಿಂದ ನಮಗೆ ವರ್ಗದ ದಾರಿ ಒಂದೇ ಉಳಿದಿರುವುದು.

“ದೊಡ್ಡ ಜೋಡಿ ಇಲ್ಲಂದ್ರ ಮಂದಿ ಎಲ್ಲಿಂದ ಕೂಡತಾರ್ರಿ?” ಎಂದು ಕಮಿಟಿಯವರು ಕೇಳುತ್ತಾರೆ. ದೊಡ್ಡ ಜೋಡಿ ಇರುತ್ತದೆ. ಅದರ ವರ್ಗವನ್ನು ಸಂಜೆಗೆ ಇಡಿ, ಮಂದಿ ಸಂಜೆಯವರೆಗೂ ಕೂರುತ್ತಾರೆ. ಈಗ ಆಗುವುದು ಹೇಗೆ? ಚೀಟಿ ಎತ್ತಿದ ಸರದಿಯಂತೆ ಜೋಡಿಗಳು ಬರುತ್ತವೆ. ಹೆಸರಾದ ಜೋಡಿಯ ಸರದಿ ನಡುವೆಯೇ ಬಂದು ಅದು ಎಳೆದ ದೂರದ ಗುರುತು ಬಿತ್ತೆಂದರೆ ಮೊದಲ ಬಹುಮಾನದ ಕುತೂಹಲ ಅಲ್ಲಿಗೇ ಮುಗಿಯಿತು. ಆಮೇಲೆ ಬರುವವನು ಯಾವ ಆಸೆಯಿಂದ ನೊಗ ಹೂಡಬೇಕು? ಇಂಥ ವರ್ಷಗಳು ಎರಡು ಮೂರು ಕಳೆದರೆ ಊರ ರೈತ ಹೆಸರು ಹಚ್ಚುವುದನ್ನೇ ಬಿಡುತ್ತಾನೆ. ಮಂದಿ ಕೂಡುವುದು ತಮ್ಮ ಓಣಿಯ ಎತ್ತು ಓಡುತ್ತದೆಂದು. ಓಣಿಯ ಎತ್ತುಗಳು ಇಲ್ಲವಾದ ಮೇಲೆ ಪರಊರಿನ ನಾಲ್ಕು ಜೋಡಿಗಾಗಿ ಎಷ್ಟು ವರ್ಷ ಕೂಡಿಯಾರು?

ಎತ್ತಿನ ಮೈಮೇಲೆ ಬೀಳುವ ಪೆಟ್ಟಿನ ಮಾತೂ ಇಲ್ಲೇ ಬರಬೇಕು. ಅಂತರ ಹೆಚ್ಚಿದಷ್ಟೂ ಸೋಲುವ ಜೋಡಿಗೆ ಹೊಡೆತ ಹೆಚ್ಚು. ಗೆಲುವು ಕೈಗೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮಾನ ಉಳಿಸಿಕೊಳ್ಳಲು ಬಾರಕೋಲು ಎತ್ತುತ್ತಾರೆ, ಬಾಲ ತಿರುವುತ್ತಾರೆ. ಸಮ ಬಲದವುಗಳ ನಡುವೆ ಎತ್ತು ತನ್ನ ಹುರುಪಿನಿಂದಲೇ ಎಳೆಯುತ್ತದೆ. ನನ್ನ ವಾದದ ಬೇರು ಇದು, ಬಹುಮಾನದ ಹಂಚಿಕೆ ಆಮೇಲಿನದು.

“ಹಲ್ಲ ನೋಡಾಕ ಹೋದ್ರ ಬಡದಾಟ ಆಕ್ಕಾವ” ಎಂಬ ಹೆದರಿಕೆಗೆ ಉತ್ತರ ಚಿಕ್ಕದು. ದನದ ಸಂತೆಯಲ್ಲಿ ಬಾಯಿ ಬಿಡಿಸಿ ನೋಡದೆ ಯಾವ ರೈತ ಎತ್ತು ಕೊಳ್ಳುತ್ತಾನೆ? ಕೆಳದವಡೆಯ ಮುಂದೆ ಎಂಟು ಹಲ್ಲು. ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ಹೊಸವು ಬರುತ್ತವೆ: ಎರಡು ಹಲ್ಲು, ನಾಲ್ಕು, ಆರು, ಎಂಟು. ಪಶುವೈದ್ಯರೊಬ್ಬರು ಊರಿನ ಇಬ್ಬರು ಹಿರಿಯರ ಎದುರು ನೋಡಿ ಬರೆದಿಟ್ಟರೆ ಮುಗಿಯಿತು. ತೂಕವೂ ಬೇಕೆಂದರೆ ಕಬ್ಬಿನ ಸೀಮೆಯಲ್ಲಿ ಕಾಟಾಕ್ಕೆ ಬರವೇ? ಟ್ರ್ಯಾಕ್ಟರ್ ತೂಗುವ ಕಾಟಾದ ಮೇಲೆ ಒಂದು ಜೋಡಿ ಎತ್ತು ನಿಲ್ಲಲಾರವೇ? ಜಗಳ ಈಗಲೂ ಆಗುತ್ತಿದೆ. ಅಳತೆ ಸ್ಪಷ್ಟವಾದಲ್ಲಿ ಜಗಳ ಕಡಿಮೆಯಾಗುತ್ತದೆ.

ಸಂಪ್ರದಾಯ ಕೆಡುತ್ತದೆ ಎನ್ನುವವರಿಗೆ ಕಾರಹುಣ್ಣಿಮೆಯನ್ನು ನೆನಪಿಸುತ್ತೇನೆ. ಅಂದು ಕರಿ ಹರಿಯುವಾಗ ಮುಂದೆ ಬಂದ ಎತ್ತಿನ ಬಣ್ಣ ನೋಡಿ ಈ ವರ್ಷ ಯಾವ ಬೆಳೆ ಹುಲುಸು ಎಂದು ಹೇಳುವ ವಾಡಿಕೆ ನಮ್ಮದು. ಆ ನಂಬಿಕೆಗೆ ಅರ್ಥ ಬರುವುದು ಓಡುವ ಎತ್ತು ಇದೇ ಊರಿನ ಮಣ್ಣು ಉತ್ತದ್ದಾಗಿದ್ದರೆ. ಲಾರಿಯಲ್ಲಿ ಇಳಿದು ಬಹುಮಾನ ಎತ್ತಿಕೊಂಡು ಹೋಗುವ ಜೋಡಿ ನಮ್ಮ ಬೆಳೆಯ ಬಗ್ಗೆ ಏನು ಹೇಳೀತು? ಹಳೆಯ ಸಂಪ್ರದಾಯ ಊರ ಎತ್ತಿನದು. ವರ್ಗ ಮಾಡಿದರೆ ಅದು ಮರಳಿ ಬರುತ್ತದೆ.

ಉಳಿದದ್ದು ಕುದುರೆ. ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆ ಹೂಡಿ ಓಡಿಸುವ ಗಾಡಿಗಳು ಈ ಗಡಿಭಾಗದಲ್ಲಿ ಬಹಳ ಜನಪ್ರಿಯ. ನೋಡಲು ರೋಮಾಂಚನ ಆಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ವೇಗ ನಿರ್ಧರಿಸುವುದು ಕುದುರೆ. ಎತ್ತಿನ ಕಾಲು, ಗೊರಸು, ಉಸಿರು ಆ ವೇಗಕ್ಕೆ ಆದವಲ್ಲ. ಒಂದೇ ನೊಗಕ್ಕೆ ಬಿಗಿದ ಮೇಲೆ ಹಿಂದೆ ಬೀಳುವ ಸ್ವಾತಂತ್ರ್ಯವೂ ಅದಕ್ಕಿಲ್ಲ. “ಮೊದಲಿಂದ ನಡದೈತಿ, ಈಗ್ಯಾಕ ತಕರಾರ?” ಎಂಬುದಕ್ಕೆ ಕಾನೂನಿನ ಕಡೆಯಿಂದಲೂ ಉತ್ತರವಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ನಮ್ಮ ರಾಜ್ಯ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇಷ್ಟು ವರ್ಷ ಹೋರಾಡಿ ಪಡೆದ ಅನುಮತಿ ಎತ್ತು, ಹೋರಿ, ಕೋಣಗಳ ಆಟಕ್ಕೆ. ಎತ್ತಿನ ಪಕ್ಕದಲ್ಲಿ ಕುದುರೆ ಹೂಡಲು ಅದರಲ್ಲಿ ಆಧಾರ ಹುಡುಕುವವರು ಇಡೀ ಶರ್ಯತ್ತನ್ನೇ ಮತ್ತೆ ಕೋರ್ಟಿನ ಮೆಟ್ಟಿಲಿಗೆ ಎಳೆಯುತ್ತಿದ್ದಾರೆ. ನೋವು ಕನಿಷ್ಠವಾಗಿರಬೇಕು ಎಂಬ ಷರತ್ತಿನ ಮೇಲೆ ನಿಂತ ಅನುಮತಿ ಅದು. ಎತ್ತು ಪ್ರೀತಿಸುವವರೇ ಅದನ್ನು ಕಾಯಬೇಕು.

ಕೊನೆಗೆ ಖರ್ಚಿನ ಪ್ರಶ್ನೆ. ನಾಲ್ಕು ವರ್ಗ ಮಾಡಿದರೆ ನಾಲ್ಕು ಪಟ್ಟು ಬಹುಮಾನ ಎಲ್ಲಿಂದ ತರುವುದು ಎಂದು ಸಣ್ಣ ಊರಿನ ಕಮಿಟಿಗಳು ಕೇಳುತ್ತವೆ, ನ್ಯಾಯವಾದ ಪ್ರಶ್ನೆ. ಹೊಸ ಹಣ ಬೇಕಾಗಿಲ್ಲ. ಮೊದಲ ಬಹುಮಾನಕ್ಕೆಂದು ಇಡುವ ಒಂದು ಬೈಕಿನ ಹಣದಲ್ಲಿ ಅರ್ಧ ಮೇಲಿನ ವರ್ಗಕ್ಕೆ ಇರಲಿ. ಉಳಿದರ್ಧವನ್ನು ಎರಡು ಹಲ್ಲಿನವು, ನಾಲ್ಕು ಹಲ್ಲಿನವು, ಊರ ದುಡಿಯುವ ಜೋಡಿ ಹೀಗೆ ಹಂಚಿ. ದುಡಿಯುವ ಎತ್ತಿನ ರೈತನಿಗೆ ಬೈಕಿಗಿಂತ ಎರಡು ಚೀಲ ಹಿಂಡಿ, ಒಂದು ಹೊಸ ನೊಗ, ಒಂದು ಜೊತೆ ಜೂಲು ಹೆಚ್ಚು ಉಪಯೋಗ. ಅದನ್ನು ಕೊಡಲು ಊರಿನ ಒಬ್ಬಿಬ್ಬರು ಅಂಗಡಿಕಾರರೇ ಮುಂದೆ ಬಂದಾರು. ಬರುವ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮೊದಲು ಕಮಿಟಿಯವರು ದುಡಿಯುವ ಎತ್ತಿನ ಹತ್ತು ರೈತರನ್ನು ಕರೆದು ಕೂರಿಸಿ ಕೇಳಲಿ. ಮೊದಲ ವರ್ಷ ಒಂದೇ ಒಂದು ಹೊಸ ವರ್ಗ ಸೇರಿಸಿದರೂ ಸಾಕು, ಅದು ಊರ ದುಡಿಯುವ ಜೋಡಿಗಳದ್ದಾಗಿರಲಿ.