ಒಂದು ಮೊಳದ ದಾರಿ

ಅಳತೆಯ ಕೋಲು ಅಂಗಡಿಗೆ ಬರುವುದಕ್ಕೆ ಬಹಳ ಹಿಂದೆಯೇ ನಮ್ಮವರು ಕೈಯನ್ನೇ ಕೋಲು ಮಾಡಿಕೊಂಡಿದ್ದರು. ಚೋಟು, ಗೇಣು, ಮೊಳ, ಮಾರು ಇವೆಲ್ಲ ಕೈಯಿಂದ ಹುಟ್ಟಿದ ಅಳತೆಗಳು. ಹಿಡಿ, ಬೊಗಸೆಗಳೂ ಅದರ ಮಕ್ಕಳೇ. ಮೀಟರು ಬಂದು ಇಷ್ಟು ಕಾಲವಾದರೂ ಮಧುಗಿರಿಯ ಪೇಟೆಯಲ್ಲಿ ಹೂ ಮಾರುವಾಕೆ ಮೊಳಕೈಯಿಂದ ನಡುಬೆರಳ ತುದಿಯವರೆಗೆ ದಂಡೆಯನ್ನು ಎಳೆದೇ ಕತ್ತರಿಸುತ್ತಾಳೆ. ‘ನಿನ್ನ ಮೊಳ ಬಹಳ ಚಿಕ್ಕದಮ್ಮ’ ಎಂದು ಕೊಳ್ಳುವವರು ಚೌಕಾಸಿ ಮಾಡುವುದೂ ಉಂಟು. ಆದರೆ ಆ ಒಂದು ಮೊಳದ ಒಳಗೆ ಏನೇನು ಹಾದುಹೋಗುತ್ತದೆ ಎಂಬುದನ್ನು ನಮ್ಮಲ್ಲಿ ಯೋಚಿಸಿದವರು ವಿರಳ. ವೈದ್ಯರಿಗೆ ಬಿಟ್ಟ ವಿದ್ಯೆ ಎಂದು ಅದನ್ನು ದೂರವಿಟ್ಟಿದ್ದೇವೆ. ಅದರಲ್ಲಿ ನಾಲ್ಕು ಮಾತಾದರೂ ಪ್ರತಿಯೊಂದು ಮನೆಗೂ ತಿಳಿದಿರತಕ್ಕವು. ತಿಳಿಯದಿದ್ದರೆ ಒಂದು ಕೈಯೇ ಹೋಗಬಹುದು.

ಮೊದಲು ಮಾತಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಮುಂಗೈ ಮೇಲೆ ಹಸಿರಾಗಿ ಕಾಣುವುದನ್ನು ತೋರಿಸಿ ‘ನರ ಉಬ್ಬಿದೆ’ ಎನ್ನುತ್ತೇವೆ. ಭುಜ ನೋಯುವಾಗ ‘ನರ ಹಿಡಿದಿದೆ’ ಎನ್ನುತ್ತೇವೆ. ಬೆರಳು ಜೋಮು ಹಿಡಿದರೆ ‘ನರ ಸತ್ತಿದೆ’ ಎನ್ನುತ್ತೇವೆ. ಮೂರೂ ಬೇರೆ ಬೇರೆ ವಸ್ತುಗಳು. ಮೊದಲನೆಯದು ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಸಿರೆ (ನಮ್ಮ ಸಿರಾ ಪಟ್ಟಣದ ಹೆಸರಿನ ಮಾತು ಬೇರೆ). ಎರಡನೆಯದು ಬಹುಮಟ್ಟಿಗೆ ಮಾಂಸಖಂಡ. ಮೂರನೆಯದೊಂದೇ ನಿಜವಾದ ನರ. ಹೃದಯದಿಂದ ರಕ್ತವನ್ನು ತರುವ ಧಮನಿಗೆ ಆಡುಮಾತಿನಲ್ಲಿ ಬೇರೆ ಹೆಸರೇ ಇಲ್ಲ; ಮಣಿಕಟ್ಟಿನಲ್ಲಿ ಅದು ಮಿಡಿಯುವಾಗ ಮಾತ್ರ ‘ನಾಡಿ’ ಎಂದು ಗೌರವಿಸುತ್ತೇವೆ.

ಕೈಯ ಧಮನಿ ಒಂದೇ ನದಿ, ಹೆಸರುಗಳು ಹಲವು. ಕೊರಳೆಲುಬಿನ ಅಡಿಯಿಂದ ಹೊರಟು, ಕಂಕುಳನ್ನು ಹಾದು, ತೋಳಿನ ಒಳಬದಿಯಲ್ಲಿಳಿದು ಅದು ಮೊಳಕೈಯ ಮುಂಭಾಗಕ್ಕೆ ಬರುತ್ತದೆ. ರಕ್ತದೊತ್ತಡ ನೋಡುವಾಗ ವೈದ್ಯರು ಸ್ಟೆಥೊಸ್ಕೋಪನ್ನು ಇಡುವುದು ಇಲ್ಲಿಯೇ. ಅಲ್ಲಿಂದ ಸ್ವಲ್ಪ ಕೆಳಗೆ ಎರಡಾಗಿ ಕವಲೊಡೆದು, ಒಂದು ಹೆಬ್ಬೆರಳಿನ ಕಡೆ, ಇನ್ನೊಂದು ಕಿರುಬೆರಳಿನ ಕಡೆ ಹರಿದು ಅಂಗೈಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಇದನ್ನು ಕಣ್ಣಾರೆ ಕಾಣಬಹುದು. ಮುಷ್ಟಿ ಬಿಗಿಹಿಡಿಯಿರಿ, ಇನ್ನೊಬ್ಬರು ಮಣಿಕಟ್ಟಿನ ಎರಡು ಬದಿಯನ್ನೂ ಅದುಮಿ ಹಿಡಿಯಲಿ, ಮುಷ್ಟಿ ಬಿಚ್ಚಿದರೆ ಅಂಗೈ ಬಿಳಿಚಿಕೊಂಡಿರುತ್ತದೆ. ಒಂದು ಬದಿಯನ್ನು ಬಿಟ್ಟೊಡನೆ ಸಾಮಾನ್ಯವಾಗಿ ಅಂಗೈಯೆಲ್ಲ ಕೆಂಪೇರುತ್ತದೆ. ಒಂದು ಕಾಲುವೆ ಕಟ್ಟಿದರೂ ಇನ್ನೊಂದು ಗದ್ದೆಯನ್ನು ಕಾಯುತ್ತದೆ. ಆದರೆ ಮೊಳಕೈಯ ಬಳಿ ಇರುವುದು ಒಂದೇ ದೊಡ್ಡ ಕಾಲುವೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು ನರಗಳು. ಕತ್ತಿನ ಬಳಿ ಬೆನ್ನುಹುರಿಯಿಂದ ಐದು ಎಳೆಗಳು ಹೊರಟು, ಜಡೆ ಹೆಣೆದಂತೆ ಒಂದರೊಳಗೊಂದು ಸೇರಿ, ಮತ್ತೆ ಬಿಡಿಬಿಡಿಯಾಗಿ ಕೈಗಿಳಿಯುತ್ತವೆ. ಹಸ್ತವನ್ನು ಮುಟ್ಟುವ ದೊಡ್ಡ ನರಗಳು ಮೂರು. ತೋಳಿನ ಎಲುಬನ್ನು ಹಿಂದಿನಿಂದ ಬಳಸಿ ಬರುವುದು ರೇಡಿಯಲ್ ನರ. ಧಮನಿಯ ಜೊತೆಜೊತೆಗೇ ಮೊಳಕೈಯ ಮುಂದೆ ಸಾಗುವುದು ಮಧ್ಯನರ. ಮೊಳಕೈಯ ಹಿಂದೆ, ಒಳಬದಿಯ ಎಲುಬಿನ ಗುಬುಟಿನ ಬೆನ್ನಿಗೆ ನುಸುಳುವುದು ಅಲ್ನಾರ್ ನರ. ಮೂರರ ಕ್ಷೇಮವನ್ನೂ ಮೂರು ಮುದ್ರೆಗಳಿಂದ ಕೇಳಬಹುದು. ದೇವರ ವಿಗ್ರಹದಂತೆ ಅಭಯಹಸ್ತವನ್ನು ಎತ್ತಿ ಹಿಡಿಯಲು ರೇಡಿಯಲ್ ನರ ಬೇಕು. ಹೆಬ್ಬೆರಳು ತೋರುಬೆರಳುಗಳ ತುದಿ ಕೂಡಿಸಿ ಚಿನ್ಮುದ್ರೆ ಮಾಡಲು ಮಧ್ಯನರ ಬೇಕು. ಐದು ಬೆರಳನ್ನೂ ಬಿಡಿಸಿ ಅಗಲಿಸಲು ಅಲ್ನಾರ್ ನರ ಬೇಕು.

ಈ ವಿವರ ನಮಗೇತಕ್ಕೆ ಎಂದೀರಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಬಯಲುಗಳಲ್ಲಿ ಹುಣಸೆಯ ಮರಗಳಿಗೆ ಬರವಿಲ್ಲ. ಬೇಸಗೆ ಕಾಲಿಡುವ ಹೊತ್ತಿಗೆ ಹುಣಸೆ ಹಣ್ಣಾಗುತ್ತದೆ; ಮಕ್ಕಳು ಮರ ಹತ್ತುತ್ತಾರೆ; ಕೆಲವರು ಬೀಳುತ್ತಾರೆ. ಬೀಳುವ ಮಗು ಕೈಯನ್ನು ಮುಂದೆ ಚಾಚುವುದು ಸಹಜ. ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಮೊಳಕೈಗೆ ಸ್ವಲ್ಪ ಮೇಲೆ ತೋಳಿನ ಎಲುಬು ತೆಳುವಾಗಿರುತ್ತದೆ, ಅಲ್ಲಿಯೇ ಮುರಿಯುತ್ತದೆ. ಮುರಿದ ಎಲುಬಿನ ಚೂಪಾದ ತುದಿ ಸಾಮಾನ್ಯವಾಗಿ ಮುಂದಕ್ಕೆ ಸರಿಯುತ್ತದೆ. ಅದರ ಎದುರಿಗೇ ಇರುವುದು ಯಾವುದು? ಆ ಒಂದೇ ಧಮನಿ, ಮತ್ತು ಅದರ ಜೊತೆಗಾರ ಮಧ್ಯನರ.

ಅಪಾಯ ಇಲ್ಲಿಗೆ ಮುಗಿಯುವುದಿಲ್ಲ. ಮುರಿದ ಕೈ ಒಂದು ದಿನದವರೆಗೂ ಊದುತ್ತ ಹೋಗುತ್ತದೆ. ಊತ ಏರುವ ಮೊದಲೇ ಬಿದಿರಿನ ದಬ್ಬೆಯಿಟ್ಟು ಬಟ್ಟೆಯಿಂದ ಬಿಗಿದು ಕಟ್ಟಿದರೆ, ಒಳಗಿನ ಮಾಂಸಖಂಡಕ್ಕೆ ಉಬ್ಬಲು ಜಾಗವಿಲ್ಲದೆ ಅದು ತನ್ನ ರಕ್ತನಾಳಗಳನ್ನೇ ಹಿಚುಕಿಕೊಳ್ಳುತ್ತದೆ. ಕಟ್ಟಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಆದರೂ ಬಿಗಿಯಾದರೆ ಫಲ ಒಂದೇ. ರಕ್ತವಿಲ್ಲದೆ ಮಾಂಸಖಂಡ ತಡೆದೀತು ಸುಮಾರು ಆರು ಗಂಟೆಗಳ ಕಾಲ. ಆ ಮೇಲೆ ಅದು ಸತ್ತು, ಒಣಗಿ, ಬೆರಳುಗಳನ್ನು ಒಳಕ್ಕೆ ಎಳೆದು, ಹಕ್ಕಿಯ ಉಗುರಿನಂತೆ ಮುದುಡಿಸಿಬಿಡುತ್ತದೆ. ಎಲುಬು ಕೂಡುತ್ತದೆ, ಕೈ ಮಾತ್ರ ಕೈಯಾಗಿ ಉಳಿಯುವುದಿಲ್ಲ.

ಬಿಗಿಯಾದ ಕಟ್ಟಿನಿಂದ ಹೀಗಾಗುತ್ತದೆಂದು 1881ರಲ್ಲಿ ವಿವರಿಸಿದವನು ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್. ಈತನದೊಂದು ವಿಶೇಷ ಸಾಹಿತ್ಯಪ್ರಿಯರಿಗೆ ರುಚಿಸೀತು. ಫ್ರಾನ್ಸಿನೊಡನೆ ನಡೆದ 1870–71ರ ಯುದ್ಧದ ಶಿಬಿರಗಳಲ್ಲಿದ್ದಾಗ ಈತ ಕಿನ್ನರ ಕಥೆಗಳನ್ನು ಬರೆದು, ರಿಚರ್ಡ್ ಲಿಯಾಂಡರ್ ಎಂಬ ಕಾವ್ಯನಾಮದಲ್ಲಿ ಪ್ರಕಟಿಸಿದನು. ಜರ್ಮನ್ ಮನೆಗಳಲ್ಲಿ ಅವು ಬಹಳ ಜನಪ್ರಿಯವಾದವು. ಎಳೆಯರಿಗೆ ಕಥೆ ಹೇಳಿದವನ ಹೆಸರು ಎಳೆಯರ ಕೈ ಬಾಡಿಸುವ ವ್ಯಾಧಿಗೆ ಅಂಟಿಕೊಂಡದ್ದು ವಿಧಿಯ ವಿನೋದವೇ ಸರಿ.

ನಮ್ಮ ಸುಶ್ರುತನೂ ಈ ವಿಷಯದಲ್ಲಿ ಮೌನಿಯಲ್ಲ. ದೇಹದ 107 ಮರ್ಮಗಳನ್ನು ಎಣಿಸುವಾಗ ಆತ ಮೊಳಕೈಯಲ್ಲಿ ಕೂರ್ಪರವೆಂಬ ಮರ್ಮವನ್ನು ಗುರುತಿಸಿ, ಅದಕ್ಕೆ ಪೆಟ್ಟಾದರೆ ಕೈ ಊನವಾಗುವುದೆಂದು ಹೇಳಿದ್ದಾನೆ. ಮುರಿದ ಎಲುಬಿಗೆ ಕಟ್ಟು ಹಾಕುವ ಪ್ರಕರಣದಲ್ಲಿ ಸಡಿಲವಾದರೆ ಸಂಧಿ ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು ಉಂಟಾಗುವುದು, ಆದುದರಿಂದ ಹದವಾದ ಕಟ್ಟೇ ಲೇಸು ಎಂಬ ಅರ್ಥದ ಎಚ್ಚರಿಕೆಯೂ ಇದೆ. ಪರಂಪರೆಯ ಹೆಸರು ಹೇಳಿ ಬಿಗಿದು ಕಟ್ಟುವವರು ಪರಂಪರೆಯ ಈ ಮಾತನ್ನೂ ಕೇಳಬೇಡವೆ?

ಮನೆಯವರು ಮಾಡತಕ್ಕದ್ದು ಇಷ್ಟು. ಮುರಿದ ಕೈಯನ್ನು ಎಳೆಯಬಾರದು, ನೀವಬಾರದು. ಇದ್ದ ಸ್ಥಿತಿಯಲ್ಲೇ ಜೋಲಿ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ಕಟ್ಟು ಹಾಕಿಸಿದ್ದರೆ ಆ ರಾತ್ರಿ ಬೆರಳುಗಳನ್ನು ಕಾಯಬೇಕು. ಬೆರಳು ಬಿಳಿಚಿದ್ದರೆ, ತಣ್ಣಗಿದ್ದರೆ, ಜೋಮು ಹಿಡಿದಿದ್ದರೆ, ಮಗುವಿಗೆ ಆಡಿಸಲಾಗದಿದ್ದರೆ ಅಪಾಯ ಹತ್ತಿರವಿದೆ. ಎಲ್ಲಕ್ಕಿಂತ ಮೊದಲ ಗುರುತು, ಕಟ್ಟಿದ ಮೇಲೆ ಇಳಿಯಬೇಕಾದ ನೋವು ಏರುತ್ತ ಹೋಗುವುದು; ಮುದುಡಿದ ಬೆರಳನ್ನು ಮೆಲ್ಲಗೆ ನೀಡಿದರೆ ಮಗು ಚೀರುವುದು. ‘ಮುರಿದದ್ದು ನೋಯದೆ ಇದ್ದೀತೆ, ಬೆಳಗಾದರೆ ಸರಿಹೋಗುತ್ತದೆ’ ಎಂದು ಸಮಾಧಾನ ಹೇಳುವ ಹಿರಿಯರ ಮಾತು ಅಂದು ಕೇಳತಕ್ಕದ್ದಲ್ಲ. ನಾಡಿ ಸಿಕ್ಕುತ್ತಿದೆಯೆಂದು ಸುಮ್ಮನಿರಲೂ ಆಗದು. ನಾಡಿ ಮಿಡಿಯುತ್ತಿರುವಾಗಲೇ ಮಾಂಸ ಸಾಯುವುದುಂಟು. ಕಟ್ಟನ್ನು ಚರ್ಮ ಕಾಣುವವರೆಗೂ ಬಿಚ್ಚಿ, ಕೈಯನ್ನು ಎದೆಯ ಮಟ್ಟದಲ್ಲಿ ಹಿಡಿದು, 108ಕ್ಕೆ ಕರೆ ಕೊಟ್ಟು ಹೊರಡಬೇಕು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಸಂಜೆ ಬಿದ್ದ ಮಗುವಿನ ಆರು ಗಂಟೆ ನಡುರಾತ್ರಿಗೆ ಮುಗಿಯುತ್ತದೆ. ಬೆಳಗಿನ ಬಸ್ಸಿಗೆ ಕಾದವರಿಗೆ ಅದು ಸಿಕ್ಕದು.

ಇದು ಮೊಳಕೈಯ ಮುಂಬಾಗಿಲಿನ ಕಥೆ. ಹಿಂಬಾಗಿಲಿನದು ಬೇರೆ. ಮೊಳಕೈಯನ್ನು ಬಾಗಿಲಿಗೆ ತಗುಲಿಸಿಕೊಂಡು ಕಿರುಬೆರಳಿನವರೆಗೂ ‘ಜುಂ’ ಎಂದ ಅನುಭವ ಯಾರಿಗಿಲ್ಲ? ಚರ್ಮಕ್ಕೂ ಎಲುಬಿಗೂ ನಡುವೆ ರಕ್ಷೆಯಿಲ್ಲದೆ ಮಲಗಿರುವ ಅಲ್ನಾರ್ ನರದ ಕೂಗು ಅದು. ಈ ನರವನ್ನೇ ಹುಡುಕಿ ಬರುವ ಶತ್ರುವೊಂದಿದೆ. ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದ ಕುಷ್ಠದ ಸೂಕ್ಷ್ಮಾಣುವಿಗೆ ದೇಹದ ತಂಪಾದ ಭಾಗಗಳು ಇಷ್ಟ. ಚರ್ಮದ ಹತ್ತಿರವಿರುವ ನರಗಳಲ್ಲಿ ಅದು ಹೆಚ್ಚಾಗಿ ಕೆಡಿಸುವುದು ಇದನ್ನೇ. ಮೊದಲು ಕಿರುಬೆರಳಿನ ಸ್ಪರ್ಶ ಹೋಗುತ್ತದೆ. ಬಳಿಕ ಕೊನೆಯ ಎರಡು ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ.

ಕುಷ್ಠ ಬೆರಳನ್ನು ತಿನ್ನುತ್ತದೆಂದು ಜನ ನಂಬಿದ್ದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಆ ನಂಬಿಕೆಯನ್ನು ಮುರಿದರು. ಬೆರಳನ್ನು ತಿನ್ನುವುದು ರೋಗವಲ್ಲ. ನೋವು ತಿಳಿಯದ ಕೈ ತನ್ನನ್ನು ತಾನೇ ಸುಟ್ಟುಕೊಂಡು, ಕುಯ್ದುಕೊಂಡು, ಆ ಗಾಯವನ್ನು ಅಲಕ್ಷಿಸಿ ಸವೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಆರೋಗ್ಯವಾದ ಸ್ನಾಯುವಿನ ಹುರಿಯನ್ನು ತಿರುಗಿಸಿ ಹೊಲಿದು, ಬಾಗಿದ ಬೆರಳುಗಳನ್ನು ಮತ್ತೆ ದುಡಿಯುವಂತೆ ಮಾಡಿದರು. ನಮ್ಮ ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮವು ಇಂಥ ರೋಗಿಗಳ ಸೇವೆಗೆ ಹೆಸರಾಗಿದೆ. ಊರು ದೂರವಿಟ್ಟವರನ್ನು ಆಶ್ರಮ ಹತ್ತಿರ ಕರೆಯಿತು.

ರಾಗಿ ಮುದ್ದೆ ಕಟ್ಟುವ ಕೈ ನೀರಲ್ಲದ್ದಿಕೊಂಡೂ ಬಿಸಿಗೆ ‘ಹಾ’ ಎನ್ನುತ್ತದೆ. ಒಂದು ದಿನ ಹಾಗೆನ್ನದೆ ಬೊಕ್ಕೆ ಮಾತ್ರ ಎದ್ದರೆ, ಮೈಮೇಲಿನ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ, ನಾಚಿಕೆಯನ್ನು ಬದಿಗಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ತೊನ್ನು ಬೇರೆ, ಅದರಲ್ಲಿ ಸ್ಪರ್ಶ ಹೋಗುವುದಿಲ್ಲ. ಕುಷ್ಠಕ್ಕೆ ಔಷಧ ಉಚಿತ. ಆರು ಅಥವಾ ಹನ್ನೆರಡು ತಿಂಗಳಿನ ಚಿಕಿತ್ಸೆಯಿಂದ ರೋಗ ಹೋಗುತ್ತದೆ. ತಡಮಾಡಿದರೆ ಸತ್ತ ನರ ಮಾತ್ರ ಹಿಂದಿರುಗುವುದಿಲ್ಲ.

ನೋವು ಬೇಡವೆಂದು ದೇವರಲ್ಲಿ ಮೊರೆಯಿಡುವವರು ನಾವು. ಮೊಳಕೈಯ ಈ ಎರಡು ಬಾಗಿಲುಗಳನ್ನು ನೋಡಿದರೆ ನೋವು ಮನೆಯ ಕಾವಲುಗಾರನೆಂದು ತಿಳಿಯುತ್ತದೆ. ಆತ ಮಿತಿಮೀರಿ ಕೂಗಿದಾಗಲೂ ಎದ್ದು ನೋಡಬೇಕು. ಕೂಗಬೇಕಾದಲ್ಲಿ ಕೂಗದೆ ಹೋದಾಗಲೂ ಎದ್ದು ನೋಡಬೇಕು.