ಕಡಲ ಮೀನು, ಗಿರಿಯ ಮೇಕೆ: ರಕ್ಷಣೆಯ ಎರಡು ಬಗೆ

ಎರಡು ಪ್ರಾಣಿಗಳನ್ನು ಹೋಲಿಸುವಾಗ ಯಾವುದು ದೊಡ್ಡದು, ಯಾವುದು ಬಲಶಾಲಿ ಎಂದು ಕೇಳುವುದು ಮಕ್ಕಳಿಗೆ ಸಹಜ. ಪಾಠವು ಅಲ್ಲಿಗೇ ನಿಂತರೆ ಪ್ರಯೋಜನವಿಲ್ಲ. ಯಾವ ಜೀವಿ ಯಾರ ಆಶ್ರಯದಿಂದ ಉಳಿಯಿತು ಎಂಬುದೇ ಹೆಚ್ಚು ಫಲಪ್ರದವಾದ ಪ್ರಶ್ನೆ. ತಿಮಿಂಗಿಲ ಶಾರ್ಕ್ ಮತ್ತು ನೀಲಗಿರಿಯ ಕಾಡುಮೇಕೆ ಇದಕ್ಕೆ ಉತ್ತಮ ನಿದರ್ಶನಗಳು.

ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ 12 ಮೀಟರಿಗೂ ಮಿಕ್ಕಿ ಬೆಳೆಯಬಲ್ಲುದು. ಆದರೂ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿಂದು ಬದುಕುವ ಸಾಧುಪ್ರಾಣಿ. ಅದು ಪ್ರಾಯಕ್ಕೆ ಬರಲು ದಶಕಗಳೇ ಬೇಕು. ತಮಿಳರು ವರೈಯಾಡು ಎನ್ನುವ ಕಾಡುಮೇಕೆಯಾದರೋ ತಮಿಳುನಾಡು ಮತ್ತು ಕೇರಳದ ಎತ್ತರದ ಹುಲ್ಲುಗಾವಲುಗಳಲ್ಲಿ, ಕಡಿದಾದ ಬಂಡೆಗಳ ನೆರವಿನಲ್ಲಿ ವಾಸಿಸುತ್ತದೆ. ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ. ಎರಡರ ಸಂತತಿಯೂ ಒಮ್ಮೆ ಕುಗ್ಗಿದರೆ ಬೇಗನೆ ಚೇತರಿಸಿಕೊಳ್ಳಲಾರದು.

ಮೇಕೆಗೆ ನೆಲೆಯೊಂದಿದೆ, ಆ ನೆಲೆಯನ್ನು ಕಾದರೆ ಮೇಕೆಯೂ ಉಳಿಯುತ್ತದೆ. ಕೇರಳದ ಇರವಿಕುಳಂ 1975ರಲ್ಲಿ ಅಭಯಾರಣ್ಯವಾಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರಿ ಹಾಕುವ ಕಾಲದಲ್ಲಿ ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಕಡಲಿಗೆ ಇಂಥ ಬೇಲಿ ಹಾಕಲಾಗದು. ಗುಜರಾತಿನ ತೀರದಲ್ಲಿ ಈ ಶಾರ್ಕನ್ನು ಯಕೃತ್ತಿನ ಎಣ್ಣೆಗೂ ಮಾಂಸಕ್ಕೂ ಕೊಲ್ಲುತ್ತಿದ್ದರು. 2001ರಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿತು; ಆದರೆ ಕಾನೂನಿನ ಕಣ್ಣು ನಡುಗಡಲಿನ ಪ್ರತಿಯೊಂದು ದೋಣಿಯನ್ನೂ ತಲುಪಲಾರದು. 2004ರಲ್ಲಿ ಆರಂಭವಾದ ಆಂದೋಲನದಲ್ಲಿ ಪ್ರವಚನಕಾರ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಕೊಲ್ಲುತ್ತಿದ್ದ ಕೈಗಳೇ ಬಲೆ ಕತ್ತರಿಸಿ ನೂರಾರು ಮೀನುಗಳನ್ನು ಬಿಡುಗಡೆ ಮಾಡಿದವು. ಹರಿದ ಬಲೆಗೆ ಅಲ್ಲಿನ ಅರಣ್ಯ ಇಲಾಖೆ ಪರಿಹಾರ ನೀಡಿತು.

ಈ ಕೊನೆಯ ಮಾತು ಮುಖ್ಯವಾದುದು. ದಯೆಯನ್ನು ಬೋಧಿಸುವವರು ದಯೆಯ ಬೆಲೆಯನ್ನು ಬಡವನೊಬ್ಬನ ಮೇಲೆಯೇ ಹೊರಿಸಬಾರದು. ಬಲೆಯೇ ಬದುಕಾದವನಿಗೆ ಬರಿಯ ಉಪದೇಶ ಸಾಲದು.

ಶಕ್ತಿನಗರದ ಸುತ್ತಿನ ಊರುಗಳಿಗೆ ಕಡಲೂ ದೂರ, ನೀಲಗಿರಿಯೂ ದೂರ. ಆದರೆ ಮಗ್ಗುಲಲ್ಲೇ ಹರಿಯುವ ಕೃಷ್ಣೆಯಲ್ಲಿ ಮೊಸಳೆಗಳಿವೆ. ಅದೇ ಕಾಯಿದೆ ಅವನ್ನೂ ರಕ್ಷಿಸುತ್ತದೆ. ನದಿಗಿಳಿಯುವ ಮೀನುಗಾರನ, ದನ ಮೇಯಿಸುವವನ ಭಯ ಸುಳ್ಳಲ್ಲ. ಹರಿಯುವ ನದಿಗೂ ಕಡಲಿನಂತೆಯೇ ಬೇಲಿ ಸಾಧ್ಯವಿಲ್ಲ. ಆದುದರಿಂದ ಇಲ್ಲಿ ಬೇಕಾದುದು ಗುಜರಾತಿನ ಮಾರ್ಗ: ಜನರ ಮನಸ್ಸನ್ನು ಮುಟ್ಟುವ ಮಾತು, ನಷ್ಟಕ್ಕೆ ತಡವಿಲ್ಲದ ಪರಿಹಾರ. ಮೊದಲನೆಯದು ಶಿಕ್ಷಕರ ಹೊಣೆ. ಎರಡನೆಯದು ಸರಕಾರದ್ದು, ಜೊತೆಗೆ ಉಳ್ಳವರದ್ದು. ಇವೆರಡೂ ಕೂಡಿದಲ್ಲಿ ನದಿಯೂ ಉಳಿದೀತು, ನದಿಯನ್ನು ನಂಬಿದವರೂ ಉಳಿದಾರು.